ನೆಚ್ಚಿನ ಆ್ಯಪ್ ನಿಂತುಹೋದಾಗ: ಕಡತ, ಪ್ರತಿ ಮತ್ತು ಪಾಲನೆ

ಅಕ್ಕಲಕೋಟೆ ಅಥವಾ ಜತ್ತ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕ್ಷೇತ್ರಕಾರ್ಯಕ್ಕೆಂದು ಹೋಗುವ ಐಚ್ಛಿಕ ಕನ್ನಡದ ವಿದ್ಯಾರ್ಥಿಯ ಕೈಯಲ್ಲಿ ಇಂದು ಟೇಪ್ ರೆಕಾರ್ಡರ್ ಇರುವುದಿಲ್ಲ. ಮೊಬೈಲ್ ಫೋನ್ ಇರುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತು ಕನ್ನಡದ ಬೀಸುವ ಪದವನ್ನೂ ಅದರ ಬೆನ್ನಿಗೇ ಮರಾಠಿಯ ಓವಿಯನ್ನೂ ಹಾಡಬಲ್ಲ ಅಜ್ಜಿಯ ದನಿ, ಊರ ಗುಡಿಯ ಮುಂದಿನ ಶಾಸನದ ಚಿತ್ರ, ಹಿರಿಯರು ಹೇಳಿದ ಸ್ಥಳನಾಮಗಳ ಪಟ್ಟಿ ಇವೆಲ್ಲವೂ ಅಂಗೈಯಗಲದ ಆ ಸಾಧನದಲ್ಲಿ ಸೇರಿಕೊಳ್ಳುತ್ತವೆ. ಸಂಜೆ ಬಸ್ಸಿನಲ್ಲಿ ಆ ಫೋನು ಕಳೆದುಹೋದರೆ ಅಥವಾ ನೀರಿಗೆ ಬಿದ್ದರೆ, ಫೋನನ್ನು ಮತ್ತೆ ಕೊಳ್ಳಬಹುದು. ಅಜ್ಜಿಯ ಹಾಡನ್ನು ಮತ್ತೆ ಪಡೆಯುವ ಭರವಸೆ ಇಲ್ಲ. ಆದುದರಿಂದ ಧ್ವನಿಮುದ್ರಣ ಮಾಡುವುದಷ್ಟೇ ಅಲ್ಲ, ಅದರ ಇನ್ನೊಂದು ಪ್ರತಿಯನ್ನು ಬೇರೊಂದು ಕಡೆ ಇರಿಸುವುದೂ ಕ್ಷೇತ್ರಕಾರ್ಯದ ಭಾಗವೇ ಆಗಿದೆ.

ಈ ಕೆಲಸಕ್ಕೆ ಜಗತ್ತಿನಾದ್ಯಂತ ಅನೇಕರು ನೆಚ್ಚಿಕೊಂಡಿದ್ದ ಒಂದು ಮುಕ್ತ ತಂತ್ರಾಂಶ ಸಿಂಕ್‌ಥಿಂಗ್. ಫೋನಿನಲ್ಲಿ ಸೇರಿದ ಕಡತವು ಮನೆಯ ಕಂಪ್ಯೂಟರಿಗೆ, ಯಾರೂ ಕೈಯಿಂದ ನಕಲು ಮಾಡದೆ, ಯಾವ ಕಂಪನಿಯ ಉಗ್ರಾಣವನ್ನೂ ಹೊಕ್ಕು ಬರದೆ, ತಾನಾಗಿಯೇ ತಲುಪುವ ವ್ಯವಸ್ಥೆ ಅದು. 2024ರ ಅಕ್ಟೋಬರ್ ತಿಂಗಳಿನಲ್ಲಿ ಇದರ ಆಂಡ್ರಾಯ್ಡ್ ಆ್ಯಪನ್ನು ನಿರ್ವಹಿಸುತ್ತಿದ್ದವರು, ಆ ಆ್ಯಪನ್ನು ಇನ್ನು ಮುಂದೆ ನಡೆಸಲಾಗದೆಂದು ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರ್ ಆವೃತ್ತಿಯೇ ಕೊನೆಯದಾಯಿತು. ದಿನವೂ ಬಳಸುತ್ತಿದ್ದ ಸಾಧನವೊಂದು ಹೀಗೆ ನಿಂತುಹೋದಾಗ ನಿಜವಾಗಿ ಕಳೆದುದೇನು, ಉಳಿದುದೇನು, ಉಳಿದುದು ಯಾವುದರ ಬಲದಿಂದ ಉಳಿಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ. ಪ್ರತಿ, ಪಾಠಾಂತರ, ಲಿಪಿಕಾರ ಎಂಬ ಮಾತುಗಳನ್ನು ಗ್ರಂಥಸಂಪಾದನೆಯ ತರಗತಿಯಲ್ಲಿ ಕೇಳಿರುವ ವಿದ್ಯಾರ್ಥಿಗಳಿಗೆ ಈ ವಿಷಯವು ಮೇಲುನೋಟಕ್ಕೆ ತೋರುವಷ್ಟು ಪರಕೀಯವಲ್ಲ.

ಸಿಂಕ್ ಎಂದರೇನು?

ಒಂದು ಸಾಧನದಿಂದ ಇನ್ನೊಂದಕ್ಕೆ ಕಡತವನ್ನು ಒಮ್ಮೆ ಕಳುಹಿಸುವುದು ನಕಲು. ಎರಡು ಸಾಧನಗಳಲ್ಲಿರುವ ಒಂದು ಫೋಲ್ಡರ್ ಯಾವಾಗಲೂ ಒಂದೇ ಬಗೆಯಾಗಿರುವಂತೆ ನೋಡಿಕೊಳ್ಳುವುದು ಸಿಂಕ್. ಒಂದು ಕಡೆ ಹೊಸ ಕಡತ ಸೇರಿದರೆ ಇನ್ನೊಂದು ಕಡೆಯೂ ಅದು ಸೇರುತ್ತದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆಯೂ ತಿದ್ದುಪಡಿಯಾಗುತ್ತದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಸಿಹೋಗುತ್ತದೆ. ಈ ಕೊನೆಯ ಮಾತನ್ನು ಅನೇಕರು ಮರೆಯುತ್ತಾರೆ. ಅದರ ಪರಿಣಾಮವನ್ನು ಮುಂದೆ ವಿವರಿಸಲಾಗಿದೆ.

ಇಂದು ಬಳಕೆಯಲ್ಲಿರುವ ಬಹುಪಾಲು ಸಿಂಕ್ ಸೇವೆಗಳು ನಡುವೆ ಒಂದು ಕೇಂದ್ರ ಉಗ್ರಾಣವನ್ನು ಇಟ್ಟುಕೊಂಡಿವೆ. ಫೋನಿನ ಕಡತವು ಮೊದಲು ಕಂಪನಿಯ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ಇಳಿಯುತ್ತದೆ. ಇದು ಅನುಕೂಲವೇ ಹೌದು. ಆದರೆ ಉಗ್ರಾಣದ ಅಳತೆ, ಬಾಡಿಗೆ, ನಿಯಮಗಳು ಎಲ್ಲವೂ ಕಂಪನಿಯ ಕೈಯಲ್ಲಿರುತ್ತವೆ. ಸಿಂಕ್‌ಥಿಂಗ್ ಈ ನಡುವಿನ ಉಗ್ರಾಣವನ್ನೇ ಕೈಬಿಟ್ಟಿತು. ಯಾಕೋಬ್ ಬೋರ್ಗ್ ಅವರು ಆರಂಭಿಸಿದ ಈ ತಂತ್ರಾಂಶದ ಮೊದಲ ಸಾರ್ವಜನಿಕ ಆವೃತ್ತಿ 2013ರ ಡಿಸೆಂಬರಿನಲ್ಲಿ ಹೊರಬಂದಿತು. ಮರುವರ್ಷ, 2014ರಲ್ಲಿ, ಆಂಡ್ರಾಯ್ಡ್ ಫೋನುಗಳಿಗೆಂದು ಅದರ ಆ್ಯಪ್ ಸಿದ್ಧವಾಯಿತು. ಇಲ್ಲಿ ಎರಡು ಸಾಧನಗಳು ಪರಸ್ಪರ ನೇರವಾಗಿ ಮಾತನಾಡುತ್ತವೆ.

ಹಾಗೆ ಮಾತನಾಡಲು ಅವು ಒಂದನ್ನೊಂದು ಗುರುತಿಸಬೇಕು. ಪ್ರತಿಯೊಂದು ಸಾಧನಕ್ಕೂ ಏಳೇಳು ಅಕ್ಷರಗಳ ಎಂಟು ಗುಂಪುಗಳಾಗಿ ಬರೆಯುವ, ಒಟ್ಟು 56 ಅಕ್ಷರಗಳ ಒಂದು ಗುರುತು ಇರುತ್ತದೆ. ಇದನ್ನು ಯಾರೂ ಹಂಚಿಕೊಡುವುದಿಲ್ಲ. ಸಾಧನವು ತನಗಾಗಿ ಸೃಷ್ಟಿಸಿಕೊಂಡ ಗುಪ್ತ ಕೀಲಿ ಮತ್ತು ಪ್ರಮಾಣಪತ್ರದಿಂದಲೇ ಅದು ಹುಟ್ಟುತ್ತದೆ. ಫೋನಿನ ಗುರುತನ್ನು ಕಂಪ್ಯೂಟರಿಗೂ ಕಂಪ್ಯೂಟರಿನ ಗುರುತನ್ನು ಫೋನಿಗೂ ತಿಳಿಸಿ, ಎರಡೂ ಕಡೆ ಒಪ್ಪಿಗೆ ಕೊಟ್ಟ ಬಳಿಕವೇ ವ್ಯವಹಾರ ಆರಂಭವಾಗುತ್ತದೆ. ಎರಡೂ ಒಂದೇ ವೈ-ಫೈ ಜಾಲದಲ್ಲಿದ್ದರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ. ದೂರದಲ್ಲಿದ್ದು ನೇರ ದಾರಿ ಸಿಗದಿದ್ದರೆ, ಸ್ವಯಂಸೇವಕರು ನಡೆಸುವ ರಿಲೇ ಸರ್ವರುಗಳ ಮೂಲಕ ಕಡತ ಸಾಗುತ್ತದೆ. ಸಾಗುವ ವಸ್ತುವೆಲ್ಲ ಗೂಢಲಿಪಿಯಲ್ಲಿರುವುದರಿಂದ ನಡುವಿನವರು ಅದನ್ನು ಓದಲಾರರು. ಮುಚ್ಚಿದ ಲಕೋಟೆಯನ್ನು ಮುಟ್ಟಿಸುವ ಅಂಚೆಯವನಂತೆ ಅವರ ಪಾತ್ರ.

ಕಡತವು ಇಡಿಯಾಗಿ ಸಾಗುವುದಿಲ್ಲ, ತುಂಡುತುಂಡಾಗಿ ಸಾಗುತ್ತದೆ. ಸಾಮಾನ್ಯ ಗಾತ್ರದ ಕಡತಗಳಲ್ಲಿ ಒಂದೊಂದು ತುಂಡು 128 ಕೆಬಿ. 10 ಎಂಬಿಯ ಧ್ವನಿಮುದ್ರಣವೊಂದನ್ನು ತೆಗೆದುಕೊಂಡರೆ ಅದು 80 ತುಂಡುಗಳಾಗುತ್ತದೆ. ಪ್ರತಿ ತುಂಡಿನ ಒಳಗಿರುವುದನ್ನೆಲ್ಲ ಗಣಿತದ ಒಂದು ಕ್ರಮಕ್ಕೆ ಒಳಪಡಿಸಿ, ಅದಕ್ಕೊಂದು ಬೆರಳಚ್ಚನ್ನು ಲೆಕ್ಕಹಾಕಲಾಗುತ್ತದೆ. ತುಂಡಿನಲ್ಲಿ ಒಂದು ಅಕ್ಷರ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಎರಡು ಸಾಧನಗಳು ಮೊದಲು ಈ ಬೆರಳಚ್ಚುಗಳ ಪಟ್ಟಿಯನ್ನು ಹೋಲಿಸಿಕೊಂಡು, ತಮ್ಮಲ್ಲಿ ಇಲ್ಲದ ತುಂಡುಗಳನ್ನು ಮಾತ್ರ ಕೇಳಿ ಪಡೆಯುತ್ತವೆ. ಹಳ್ಳಿಯಲ್ಲಿ ನೆಟ್‌ವರ್ಕ್ ನಡುವೆ ಕಡಿದುಹೋದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಯಬಹುದು. ತಲುಪಿದ ತುಂಡು ಕಳುಹಿಸಿದ ತುಂಡೇ ಎಂಬುದನ್ನೂ ಬೆರಳಚ್ಚೇ ಖಚಿತಪಡಿಸುತ್ತದೆ. ಓಲೆಗರಿಯಿಂದ ಓಲೆಗರಿಗೆ ನಕಲು ಮಾಡುವಾಗ ಲಿಪಿಕಾರನ ಕಣ್ಣು ಸಾಲು ತಪ್ಪಿದರೆ ಅದನ್ನು ಕಂಡುಹಿಡಿಯಲು ಶತಮಾನಗಳ ಬಳಿಕ ಸಂಪಾದಕನೊಬ್ಬ ಬರಬೇಕಾಗಿತ್ತು. ಇಲ್ಲಿ ಆ ಪರೀಕ್ಷೆ ಕ್ಷಣಮಾತ್ರದಲ್ಲಿ ನಡೆದುಹೋಗುತ್ತದೆ.

ಎರಡು ಪಾಠಗಳು ಎದುರಾದಾಗ

ವಿದ್ಯಾರ್ಥಿಯು ತನ್ನ ಕಿರುಪ್ರಬಂಧದ ಕರಡನ್ನು ಪ್ರಯಾಣದಲ್ಲಿ ಫೋನಿನಲ್ಲಿ ತಿದ್ದಿದನೆನ್ನೋಣ. ಅದೇ ದಿನ, ಫೋನು ಸಂಪರ್ಕಕ್ಕೆ ಬರುವ ಮೊದಲೇ, ಮನೆಯಲ್ಲಿ ಅವನ ತಂಗಿ ಕಂಪ್ಯೂಟರಿನಲ್ಲಿ ಅದೇ ಕರಡಿನ ಕಾಗುಣಿತವನ್ನು ಸರಿಪಡಿಸಿದಳು. ಈಗ ಒಂದೇ ಹೆಸರಿನ ಎರಡು ಕಡತಗಳಿವೆ. ಎರಡೂ ಹೊಸವು, ಎರಡೂ ಭಿನ್ನ. ಯಾವುದನ್ನು ಉಳಿಸಬೇಕು?

ತಂತ್ರಾಂಶವು ಇಲ್ಲಿ ತೀರ್ಪು ಕೊಡುವುದಿಲ್ಲ. ಕೊನೆಗೆ ತಿದ್ದಿದ ಕಡತಕ್ಕೆ ಮೂಲ ಹೆಸರನ್ನು ಬಿಟ್ಟುಕೊಟ್ಟು, ಇನ್ನೊಂದರ ಹೆಸರಿಗೆ ಸಂಘರ್ಷವನ್ನು ಸೂಚಿಸುವ ಪದ, ದಿನಾಂಕ, ಸಮಯ ಮತ್ತು ತಿದ್ದಿದ ಸಾಧನದ ಗುರುತನ್ನು ಸೇರಿಸಿ ಪಕ್ಕದಲ್ಲೇ ಇರಿಸುತ್ತದೆ. ಎರಡೂ ಪ್ರತಿಗಳು ಎಲ್ಲ ಸಾಧನಗಳಿಗೂ ತಲುಪುತ್ತವೆ. ಎರಡನ್ನೂ ತೆರೆದು, ಹೋಲಿಸಿ, ಸರಿಯಾದುದನ್ನು ಆಯುವ ಹೊಣೆ ಮನುಷ್ಯನಿಗೇ ಸೇರಿದ್ದು.

ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಈ ಕ್ರಮ ಪರಿಚಿತವೆನಿಸುತ್ತದೆ. ಒಂದು ಕಾವ್ಯದ ಹಲವು ಹಸ್ತಪ್ರತಿಗಳಲ್ಲಿ ಭಿನ್ನ ಪಾಠಗಳು ಕಂಡಾಗ ಸಂಪಾದಕನು ಒಂದನ್ನು ಮೇಲೆ ಇರಿಸಿ ಉಳಿದವನ್ನು ಅಡಿಟಿಪ್ಪಣಿಯಲ್ಲಿ ಪ್ರತಿಯ ಗುರುತಿನೊಡನೆ ಕೊಡುತ್ತಾನೆ, ಹರಿದು ಎಸೆಯುವುದಿಲ್ಲ. ಇಂದು ಅಪಪಾಠವೆನಿಸಿದುದು ನಾಳೆ ಮೂಲಪಾಠವೆಂದು ಸಿದ್ಧವಾಗಬಹುದು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಸಂಪಾದಕನು ಅರ್ಥ, ಛಂದಸ್ಸು, ಭಾಷೆಗಳನ್ನು ತೂಗಿ ಮೇಲಿನ ಪಾಠವನ್ನು ಆಯ್ದುಕೊಳ್ಳುತ್ತಾನೆ. ಯಂತ್ರಕ್ಕೆ ಗೊತ್ತಿರುವುದು ಗಡಿಯಾರವೊಂದೇ. ಕೊನೆಗೆ ಬರೆದದ್ದೇ ಸರಿಯಾದದ್ದೆಂಬ ಖಾತರಿ ಸಾಹಿತ್ಯದಲ್ಲಿಯೂ ಇಲ್ಲ, ಕಂಪ್ಯೂಟರಿನಲ್ಲಿಯೂ ಇಲ್ಲ.

ಫೋನಿನ ಆ್ಯಪ್ ಏಕೆ ನಿಂತಿತು?

ಸಿಂಕ್‌ಥಿಂಗ್‌ನಲ್ಲಿ ಎರಡು ಪದರಗಳಿವೆ. ತುಂಡು ಮಾಡುವುದು, ಹೋಲಿಸುವುದು, ಕಳುಹಿಸುವುದು ಇವನ್ನೆಲ್ಲ ಮಾಡುವ ತಿರುಳು ಒಂದು. ಆ ತಿರುಳು ಆಂಡ್ರಾಯ್ಡ್ ಫೋನಿನೊಳಗೆ ಓಡುವಂತೆ ಅದಕ್ಕೆ ತೊಡಿಸಿದ ಹೊದಿಕೆ ಇನ್ನೊಂದು. ನಿಂತುಹೋದದ್ದು ಹೊದಿಕೆ, ತಿರುಳಲ್ಲ. ಕಂಪ್ಯೂಟರುಗಳಲ್ಲಿ ಓಡುವ ಮೂಲ ತಂತ್ರಾಂಶದ ಕೆಲಸ ಎಂದಿನಂತೆ ಮುಂದುವರಿಯಿತು. 2025ರ ಆಗಸ್ಟಿನಲ್ಲಿ ಅದರ 2.0 ಆವೃತ್ತಿಯೂ ಹೊರಬಂದಿತು.

ಹಾಗಾದರೆ ಹೊದಿಕೆಗೆ ಒದಗಿದ ಕಷ್ಟವೇನು? ಇದನ್ನು ಅರಿಯಲು ಫೋನಿನ ಸ್ವಭಾವವನ್ನು ಗಮನಿಸಬೇಕು. ಫೋನಿನಲ್ಲಿರುವ ಯಾವುದೇ ಆ್ಯಪ್ ಎಲ್ಲ ಫೋಟೋ, ಎಲ್ಲ ದಾಖಲೆಗಳನ್ನು ಮನಬಂದಂತೆ ಓದುವುದು ಅಪಾಯಕರ. ಇದನ್ನು ತಡೆಯಲು 2020ರಲ್ಲಿ ಬಂದ ಆಂಡ್ರಾಯ್ಡ್ 11ರಲ್ಲಿ ಆ್ಯಪುಗಳ ಮೇಲೆ ಬಿಗಿಯಾದ ಕಟ್ಟುಪಾಡು ಜಾರಿಗೆ ಬಂದಿತು: ಪ್ರತಿ ಆ್ಯಪ್ ತನ್ನ ಪಾಲಿನ ಕೋಣೆಯಲ್ಲಷ್ಟೇ ಓಡಾಡಬೇಕು, ಇಡೀ ಮನೆಯಲ್ಲಿ ಓಡಾಡಬೇಕಾದರೆ ವಿಶೇಷ ಅನುಮತಿ ಬೇಕು. ಗೂಗಲ್‌ನ ಪ್ಲೇ ಸ್ಟೋರ್ ಮೂಲಕ ಹಂಚುವ ಆ್ಯಪುಗಳಾದರೆ, ತಮ್ಮ ಮುಖ್ಯ ಕೆಲಸಕ್ಕೆ ಆ ಅನುಮತಿ ಅನಿವಾರ್ಯವೆಂಬುದನ್ನು ಗೂಗಲ್‌ಗೆ ಮನವರಿಕೆ ಮಾಡಿಕೊಡಬೇಕು. ಬಳಕೆದಾರರ ರಕ್ಷಣೆಯ ದೃಷ್ಟಿಯಿಂದ ಈ ಕಟ್ಟುಪಾಡು ನ್ಯಾಯವೇ. ಆದರೆ ಬಳಕೆದಾರನು ಆರಿಸಿದ ಯಾವ ಫೋಲ್ಡರನ್ನಾದರೂ ಓದಿ ಬರೆಯುವುದೇ ಸಿಂಕ್ ತಂತ್ರಾಂಶದ ಧರ್ಮ. ಕಳ್ಳನಿಗೆಂದು ಹಾಕಿದ ಅಗುಳಿ ಇಲ್ಲಿ ಮನೆಯ ಆಳಿಗೂ ಅಡ್ಡವಾಯಿತು.

ಇದಲ್ಲದೆ, ಪ್ಲೇ ಸ್ಟೋರ್‌ನಲ್ಲಿ ಉಳಿಯಬೇಕಾದರೆ ಆಂಡ್ರಾಯ್ಡ್‌ನ ಹೊಸ ಹೊಸ ಆವೃತ್ತಿಗಳಿಗೆ ತಕ್ಕಂತೆ ಆ್ಯಪನ್ನು ಕಾಲಕಾಲಕ್ಕೆ ಸಜ್ಜುಗೊಳಿಸುತ್ತಿರಬೇಕು. ಬ್ಯಾಟರಿ ಉಳಿಸಲೆಂದು, ಹಿನ್ನೆಲೆಯಲ್ಲಿ ಓಡುವ ಆ್ಯಪುಗಳನ್ನು ಫೋನು ಮಲಗಿಸಿಬಿಡುತ್ತದೆ. ಸಿಂಕ್ ಮಾಡುವ ಆ್ಯಪಿಗಾದರೋ ಹಿನ್ನೆಲೆಯಲ್ಲಿ ಎಚ್ಚರವಾಗಿರುವುದೇ ಕೆಲಸ. ಹೊಸ ಸೌಲಭ್ಯವೊಂದನ್ನೂ ಸೇರಿಸದೆ, ಇದ್ದುದನ್ನು ಇದ್ದಂತೆ ಉಳಿಸಿಕೊಳ್ಳುವುದಕ್ಕೇ ನಿರಂತರ ದುಡಿಮೆ ಬೇಕು. ನದಿಯ ಪ್ರವಾಹಕ್ಕೆ ಎದುರಾಗಿ ದೋಣಿಯನ್ನು ಇದ್ದಲ್ಲೇ ನಿಲ್ಲಿಸಲೂ ಹುಟ್ಟು ಹಾಕುತ್ತಲೇ ಇರಬೇಕಾಗುತ್ತದೆ.

ಆ ಹುಟ್ಟನ್ನು ಹಿಡಿದವರು ಸ್ವಯಂಸೇವಕರು. ಆ್ಯಪನ್ನು ನಿಲ್ಲಿಸುವಾಗ ಕೊಟ್ಟ ಕಾರಣಗಳು ಎರಡು: ಪ್ಲೇ ಸ್ಟೋರ್‌ನಲ್ಲಿ ಪ್ರಕಟಿಸುವುದು ಕಷ್ಟಕ್ಕೂ ಅಸಾಧ್ಯಕ್ಕೂ ನಡುವಿನ ಸ್ಥಿತಿಗೆ ಬಂದಿರುವುದು, ಆ್ಯಪಿಗೆ ಸಕ್ರಿಯ ನಿರ್ವಹಣೆಯೇ ಇಲ್ಲದಿರುವುದು. ಮೊದಲನೆಯ ಕಾರಣವನ್ನೇ ಎಲ್ಲರೂ ಎತ್ತಿ ಆಡುವುದು ಸಹಜ. ದೊಡ್ಡ ಕಂಪನಿಯನ್ನು ದೂರುವುದು ಸುಲಭ. ಎರಡನೆಯ ಕಾರಣವು ಹೆಚ್ಚು ವಿಚಾರಯೋಗ್ಯವಾದುದು. ಅಸಂಖ್ಯ ಜನ ಬಳಸುತ್ತಿದ್ದರು, ಪಾಲಿಸುತ್ತಿದ್ದವರು ಬೆರಳೆಣಿಕೆಯಷ್ಟು. ಊರೆಲ್ಲ ನೀರು ಸೇದುವ ಬಾವಿಯ ಹೂಳೆತ್ತಲು ಒಬ್ಬನೇ ಇಳಿಯುತ್ತಿದ್ದರೆ, ಅವನು ದಣಿದು ಮೇಲೆ ಬಂದ ದಿನ ಊರು ಆಶ್ಚರ್ಯಪಡುವುದು ತಕ್ಕುದಲ್ಲ.

ಮುಕ್ತತೆ ಏನನ್ನು ಉಳಿಸಿತು?

ಮುಕ್ತ ತಂತ್ರಾಂಶವೆಂದರೆ ಬಿಟ್ಟಿ ತಂತ್ರಾಂಶವೆಂಬುದು ಸಾಮಾನ್ಯ ತಪ್ಪುಗ್ರಹಿಕೆ. ಅದರ ಸೋರ್ಸ್ ಕೋಡನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಪರವಾನಗಿಯ ನಿಯಮಕ್ಕೊಳಪಟ್ಟು ಹಂಚಬಹುದು ಎಂಬುದೇ ಮುಕ್ತ ಎಂಬ ಮಾತಿನ ಅರ್ಥ. ಸಿಂಕ್‌ಥಿಂಗ್ ಹಂಚಿಕೆಯಾಗುವುದು ಮೊಜಿಲ್ಲಾ ಸಾರ್ವಜನಿಕ ಪರವಾನಗಿಯ ಎರಡನೆಯ ಆವೃತ್ತಿಯಡಿಯಲ್ಲಿ. ಮುಚ್ಚಿದ ತಂತ್ರಾಂಶವೊಂದನ್ನು ಅದರ ಒಡೆಯನು ನಿಲ್ಲಿಸಿದರೆ ಕಥೆ ಅಲ್ಲಿಗೆ ಮುಗಿಯುತ್ತದೆ. ಮುಕ್ತ ತಂತ್ರಾಂಶವನ್ನು ಪಾಲಕನು ಬಿಟ್ಟರೆ, ಬೇರೊಬ್ಬನು ಅದೇ ಕೋಡನ್ನು ಎತ್ತಿಕೊಂಡು ಮುಂದುವರಿಸಬಹುದು. ಹೀಗೆ ಮೂಲದಿಂದ ಬೇರೆಯಾಗಿ ಬೆಳೆಯುವುದನ್ನು ಕವಲು ಎನ್ನಬಹುದು.

ಇಲ್ಲಿಯೂ ಅದೇ ನಡೆಯಿತು. ಅಧಿಕೃತ ಆ್ಯಪ್ ನಿಲ್ಲುವ ಮೊದಲೇ ಸಿಂಕ್‌ಥಿಂಗ್-ಫೋರ್ಕ್ ಎಂಬ ಕವಲು ಹಲವು ವರ್ಷಗಳಿಂದ ಬೆಳೆಯುತ್ತಿತ್ತು. ಮುಕ್ತ ತಂತ್ರಾಂಶಗಳಿಗಾಗಿಯೇ 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಭಂಡಾರದಲ್ಲಿ ಅದು ಲಭ್ಯವಿತ್ತು. 2024ರ ಡಿಸೆಂಬರಿನ ಬಳಿಕ ಅನೇಕರು ಈ ಕವಲಿನ ಕಡೆಗೆ ಸರಿದರು. ತಿರುಳು ಒಂದೇ ಆದುದರಿಂದ ಕಂಪ್ಯೂಟರಿನ ಕಡೆ ಏನನ್ನೂ ಬದಲಾಯಿಸಬೇಕಾಗಲಿಲ್ಲ. ಎರಡು ಸಾಧನಗಳು ಮಾತನಾಡುವ ಭಾಷೆ, ಅಂದರೆ ಅವುಗಳ ನಡುವಿನ ಒಪ್ಪಿತ ನಿಯಮಾವಳಿ, ಬಹಿರಂಗವಾಗಿ ಬರೆದಿಟ್ಟದ್ದು. ಆ ಭಾಷೆಯನ್ನು ಬಲ್ಲ ಯಾವ ಆ್ಯಪ್ ಬೇಕಾದರೂ ಮಾತಿಗೆ ಸೇರಿಕೊಳ್ಳಬಹುದು.

ಇಷ್ಟರಿಂದ ಎಲ್ಲವೂ ಸುಖಾಂತವಾಯಿತೆಂದು ತಿಳಿಯಬಾರದು. ಕವಲನ್ನೂ ಪಾಲಿಸುವವರು ಮನುಷ್ಯರೇ. 2025ರ ಕೊನೆಯ ಹೊತ್ತಿಗೆ ಆ ಕವಲಿನ ಸೋರ್ಸ್ ಕೋಡ್ ಇದ್ದ ತಾಣವು ಇದ್ದಕ್ಕಿದ್ದಂತೆ ಕಾಣೆಯಾಗಿ, ಪಾಲನೆಯ ಹೊಣೆ ಬೇರೆ ಕೈಗೆ ಹೋಯಿತು. ಹೊಸ ಪಾಲಕರನ್ನು ನಂಬಬಹುದೇ ಎಂಬ ಪ್ರಶ್ನೆ ಬಳಕೆದಾರರನ್ನು ಕಾಡಿತು. ಫೋನಿನ ಎಲ್ಲ ಕಡತಗಳನ್ನು ಓದಬಲ್ಲ ಆ್ಯಪಿನ ವಿಷಯದಲ್ಲಿ ಈ ಪ್ರಶ್ನೆ ಚಿಕ್ಕದಲ್ಲ. ಕೋಡ್ ಬಹಿರಂಗವಾಗಿದೆ ಎಂಬುದರಿಂದ ಪರೀಕ್ಷೆ ಸಾಧ್ಯವಾಗುತ್ತದೆಯೇ ಹೊರತು, ಯಾರೋ ಪರೀಕ್ಷಿಸಿಯೇ ಇದ್ದಾರೆಂದು ಆಗುವುದಿಲ್ಲ.

ಆದುದರಿಂದ ಮುಕ್ತತೆಯ ಬಗೆಗೆ ಹೇಳಬಹುದಾದುದು ಇಷ್ಟು: ಅದು ಸಾಧನವು ಉಳಿಯುತ್ತದೆಂದು ಭಾಷೆ ಕೊಡುವುದಿಲ್ಲ, ಉಳಿಸಿಕೊಳ್ಳುವ ಹಕ್ಕನ್ನು ಮಾತ್ರ ಕೊಡುತ್ತದೆ. ಆ ಹಕ್ಕನ್ನು ಚಲಾಯಿಸಲು ಯಾರಾದರೂ ಮುಂದೆ ಬರಬೇಕು. ಎರಡನೆಯ ಲಾಭ ಇನ್ನೂ ಸ್ಪಷ್ಟವಾದುದು. ಸಿಂಕ್‌ಥಿಂಗ್ ಬಳಕೆದಾರರ ಕಡತಗಳನ್ನು ತನ್ನದೇ ಆದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಲಿಲ್ಲ. ಅವು ಸಾಮಾನ್ಯ ಫೋಲ್ಡರುಗಳಲ್ಲಿ ಸಾಮಾನ್ಯ ಕಡತಗಳಾಗಿಯೇ ಇದ್ದವು. ಆ್ಯಪ್ ನಿಂತ ದಿನ ಯಾರ ಹಾಡೂ, ಯಾರ ಪ್ರಬಂಧವೂ ಆ್ಯಪಿನೊಡನೆ ಹೋಗಲಿಲ್ಲ.

ಕನ್ನಡಕ್ಕೆ ಈ ಪಾಠ ಹೊಸದಲ್ಲ

ಸಾಧನದೊಡನೆ ಬರೆಹವೂ ಹೋಗುವ ಕಷ್ಟವನ್ನು ಕನ್ನಡವು ಈಗಾಗಲೇ ಅನುಭವಿಸಿದೆ. ಯೂನಿಕೋಡ್ ವ್ಯಾಪಕವಾಗುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಟೈಪಿಸಿದ ಕನ್ನಡವು ಆಯಾ ಫಾಂಟಿಗೆ ಅಂಟಿಕೊಂಡಿರುತ್ತಿತ್ತು. ಕಡತದ ಒಳಗೆ ಇರುತ್ತಿದ್ದುದು ಕನ್ನಡ ಅಕ್ಷರಗಳ ಸಂಕೇತವಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಏರ್ಪಾಡು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಪ್ರಬಂಧವು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆಯಾಗಿ ಕಾಣುತ್ತಿತ್ತು. ಕಡತ ಇತ್ತು, ಪ್ರತಿಯೂ ಇತ್ತು. ಓದುವ ದಾರಿ ಮಾತ್ರ ಇರಲಿಲ್ಲ. ಪರಿವರ್ತಕ ತಂತ್ರಾಂಶಗಳನ್ನು ಬರೆದು ಮುಕ್ತವಾಗಿ ಹಂಚಿದವರಿಂದಾಗಿ ಅಂತಹ ಎಷ್ಟೋ ಬರೆಹಗಳು ಯೂನಿಕೋಡಿಗೆ ಬಂದು ಬದುಕಿಕೊಂಡವು.

ಯೂನಿಕೋಡಿನಲ್ಲಿಯೂ ಎಚ್ಚರದ ಅಂಶಗಳಿವೆ. ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡುವ ಅಭ್ಯಾಸ ಒಳ್ಳೆಯದು. ಆದರೆ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ರೋಮನ್ ಅಕ್ಷರಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ವಿರಾಮ, ತ, ವಿರಾಮ, ರ, ಈಕಾರದ ಗುಣಿತ ಎಂದು 6 ಸಂಕೇತ, ಅಂದರೆ 18 ಬೈಟ್. ಕಡತದ ಹೆಸರು 255 ಬೈಟ್‌ಗಳನ್ನು ಮೀರಬಾರದೆಂಬ ಮಿತಿ ಲಿನಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಸಾಮಾನ್ಯ. ಅಂದರೆ ಕನ್ನಡದಲ್ಲಿ 85 ಸಂಕೇತಗಳಿಗೆ ಹೆಸರು ಮುಗಿಯಬೇಕು. ಹಾಡಿನ ಮೊದಲ ಸಾಲನ್ನೇ ಇಡಿಯಾಗಿ ಕಡತದ ಹೆಸರಾಗಿಸಿದರೆ ಒಂದು ಸಾಧನದಲ್ಲಿ ಉಳಿದದ್ದು ಇನ್ನೊಂದಕ್ಕೆ ಹೋಗದೆ ನಿಲ್ಲಬಹುದು.

ಇನ್ನೊಂದು ಸೂಕ್ಷ್ಮವೂ ಇದೆ. ‘ಕೊ’ ಎಂಬುದರ ಒಕಾರದ ಗುಣಿತವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಮತ್ತು ಊಕಾರದ ಗುಣಿತಗಳ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ; ಕಂಪ್ಯೂಟರಿಗೆ ಎರಡು ಬೇರೆ ಹೆಸರುಗಳು. ಇಂತಹ ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಏರ್ಪಾಡು ಸಿಂಕ್‌ಥಿಂಗ್‌ನಲ್ಲಿ ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ. ಅದನ್ನು ಆರಿಸದಿರುವುದೇ ಕ್ಷೇಮ.

ಆ್ಯಪ್ ನಿಂತಾಗ ಮಾಡಬೇಕಾದುದೇನು?

ಮೊದಲನೆಯದಾಗಿ, ಅವಸರದಲ್ಲಿ ಹಳೆಯ ಆ್ಯಪನ್ನು ಅಳಿಸಬಾರದು. ಅಳಿಸಿದರೆ ಸಾಮಾನ್ಯ ಫೋಲ್ಡರಿನಲ್ಲಿರುವ ಕಡತಗಳು ಉಳಿದರೂ, ಸಾಧನದ ಗುಪ್ತ ಕೀಲಿ, ಯಾವ ಫೋಲ್ಡರು ಯಾರೊಡನೆ ಹಂಚಿಕೆಯಾಗಿದೆ ಎಂಬ ವಿವರ ಇವೆಲ್ಲ ಹೋಗುತ್ತವೆ. ಆ್ಯಪಿನಲ್ಲಿರುವ ರಫ್ತು ಸೌಲಭ್ಯದಿಂದ ಆ ವಿವರಗಳನ್ನು ಹೊರತೆಗೆದು ಭದ್ರವಾಗಿಟ್ಟುಕೊಳ್ಳಬೇಕು. ಹೊಸ ಆ್ಯಪಿನಲ್ಲಿ ಅವನ್ನು ಆಮದು ಮಾಡಿಕೊಂಡರೆ ಹಳೆಯ ಗುರುತೇ ಮುಂದುವರಿಯುತ್ತದೆ. ಒಂದೇ ಗುರುತಿನಲ್ಲಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸಬಾರದು.

ಎರಡನೆಯದಾಗಿ, ಹೊಸ ಆ್ಯಪನ್ನು ಎಲ್ಲಿಂದ ಪಡೆಯಲಾಗುತ್ತಿದೆ, ಅದನ್ನು ಪಾಲಿಸುವವರು ಯಾರು, ಕೊನೆಯ ಬಾರಿ ಪರಿಷ್ಕರಣೆಯಾದುದು ಯಾವಾಗ ಎಂಬುದನ್ನು ನೋಡಿಕೊಳ್ಳಬೇಕು. ಹೆಸರು, ಚಿಹ್ನೆಗಳ ಹೋಲಿಕೆಯನ್ನು ನಂಬಿ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವುದು ಅಪಾಯ.

ಮೂರನೆಯದಾಗಿ, ಸಿಂಕ್ ಎಂಬುದು ಬ್ಯಾಕಪ್ ಅಲ್ಲ ಎಂಬುದನ್ನು ನೆನಪಿಡಬೇಕು. ಫೋನಿನಲ್ಲಿ ಜಾಗ ಸಾಲದೆಂದು ಹಾಡುಗಳನ್ನು ಅಳಿಸಿದರೆ ಆ ಅಳಿಸುವಿಕೆಯೂ ನಿಷ್ಠೆಯಿಂದ ಕಂಪ್ಯೂಟರಿಗೆ ತಲುಪುತ್ತದೆ. ಇದಕ್ಕೆ ಪರಿಹಾರವಾಗಿ ಕಂಪ್ಯೂಟರಿನ ಕಡೆ ಕಡತಗಳ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೌಲಭ್ಯವನ್ನು ಚಾಲೂ ಮಾಡಬೇಕು. ಅದು ತಾನಾಗಿ ಚಾಲೂ ಇರುವುದಿಲ್ಲ. ಚಾಲೂ ಮಾಡಿದ ಬಳಿಕ, ಬೇರೆ ಸಾಧನದಿಂದ ಅಳಿಸುವ ಆದೇಶ ಬಂದರೂ ಹಳೆಯ ಪ್ರತಿಯು ಪ್ರತ್ಯೇಕ ಫೋಲ್ಡರಿನಲ್ಲಿ ಉಳಿಯುತ್ತದೆ. ಇದರ ಜೊತೆಗೆ, ತಿಂಗಳಿಗೊಮ್ಮೆಯಾದರೂ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದನ್ನು ಯಾವ ಸಿಂಕಿಗೂ ಜೋಡಿಸದೆ ಬೇರೆ ಇಡುವುದು ಲೇಸು.

ನಾಲ್ಕನೆಯದಾಗಿ, ಧ್ವನಿ, ಚಿತ್ರ, ಬರೆಹಗಳನ್ನು ಹಲವು ತಂತ್ರಾಂಶಗಳು ತೆರೆಯಬಲ್ಲ ಸಾಮಾನ್ಯ ರೂಪದಲ್ಲಿ, ಬರೆಹವನ್ನು ಯೂನಿಕೋಡಿನಲ್ಲಿ, ಇರಿಸಿಕೊಳ್ಳಬೇಕು. ಹಾಡಿದವರ ಹೆಸರು, ಊರು, ದಿನಾಂಕ, ಒಪ್ಪಿಗೆಯ ವಿವರಗಳನ್ನು ಅದೇ ಫೋಲ್ಡರಿನಲ್ಲಿ ಒಂದು ಸರಳ ಪಠ್ಯ ಕಡತದಲ್ಲಿ ಬರೆದಿಡಬೇಕು. ವಿವರವಿಲ್ಲದ ಹಾಡು, ಪುಷ್ಪಿಕೆ ಇಲ್ಲದ ಹಸ್ತಪ್ರತಿಯಂತೆ, ಉಳಿದೂ ಅನಾಥವಾಗುತ್ತದೆ.

ಪ್ರತಿ ಮಾಡಿಸಿದವರ ನೆನಪು

ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಕಾವ್ಯವನ್ನು ಬರೆದವನು ಪೊನ್ನ; ಅದನ್ನು ಉಳಿಸುವ ಹೊಣೆಯನ್ನು ಹೊತ್ತವಳು ಅತ್ತಿಮಬ್ಬೆ. ಎಷ್ಟು ಗಟ್ಟಿಯಾದ ಓಲೆಯೂ ಕಾಲಕ್ರಮದಲ್ಲಿ ಸವೆಯುತ್ತದೆ, ಹುಳು ಹಿಡಿಯುತ್ತದೆ. ತಲೆಮಾರಿಗೊಬ್ಬರು ಮತ್ತೆ ಪ್ರತಿ ಮಾಡುತ್ತ ಬಂದುದರಿಂದಲೇ ಕಾವ್ಯಗಳು ಇಂದಿನ ತರಗತಿಯವರೆಗೆ ನಡೆದುಬಂದಿವೆ.

ಮೊಬೈಲಿನ ಆ್ಯಪ್ ಓಲೆಗರಿಗಿಂತಲೂ ಅಲ್ಪಾಯುಷಿ. ಇಂದು ಬಳಸುವ ಯಾವ ಆ್ಯಪ್ ಕೂಡ ಹತ್ತು ವರ್ಷದ ಬಳಿಕ ಇದೇ ರೂಪದಲ್ಲಿ ಇರುತ್ತದೆಂದು ನಂಬುವಂತಿಲ್ಲ. ಸಾಧನಗಳು ಹೋಗುತ್ತಿರುತ್ತವೆ, ಹೊಸವು ಬರುತ್ತಿರುತ್ತವೆ. ಆ ನಡುವಿನ ಹೊಸ್ತಿಲಲ್ಲಿ ಕಡತವನ್ನು ದಾಟಿಸುವ ಕೆಲಸವನ್ನು ಮನುಷ್ಯನೇ ಮಾಡಬೇಕು. ಒಂದು ಮುಕ್ತ ತಂತ್ರಾಂಶವನ್ನು ಬಳಸುವವರು ಅದರ ದೋಷವನ್ನು ಸರಿಯಾಗಿ ವರದಿ ಮಾಡಬಹುದು, ಅದರ ಪದಗಳನ್ನು ಕನ್ನಡಕ್ಕೆ ತರಬಹುದು, ಕೈಲಾದ ದೇಣಿಗೆ ಕೊಡಬಹುದು, ಕೋಡ್ ಬಲ್ಲವರು ಒಂದು ಸಾಲನ್ನಾದರೂ ತಿದ್ದಬಹುದು. ಕನ್ನಡ ವಿದ್ಯಾರ್ಥಿಗೆ ಇವುಗಳಲ್ಲಿ ಎರಡಾದರೂ ಸಾಧ್ಯ.

ಗಡಿಯ ಹಳ್ಳಿಗಳಲ್ಲಿ ಎರಡು ಭಾಷೆಗಳಲ್ಲಿ ಹಾಡುವ ಹಿರಿಯರ ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿರುವುದು ಕ್ಷೇತ್ರಕ್ಕೆ ಹೋದವರಿಗೆಲ್ಲ ತಿಳಿದ ವಿಷಯ. ಮುಂದಿನ ರಜೆಯಲ್ಲಿ ಧ್ವನಿಮುದ್ರಣಕ್ಕೆ ಹೊರಡುವವರು ಫೋನನ್ನು ಚಾರ್ಜ್ ಮಾಡಿಕೊಳ್ಳುವುದರ ಜೊತೆಗೆ, ಅದರಲ್ಲಿ ಈಗಾಗಲೇ ಇರುವ ಹಾಡುಗಳ ಇನ್ನೊಂದು ಪ್ರತಿ ಎಲ್ಲಿದೆ, ಅದು ತೆರೆಯುತ್ತದೆಯೇ ಎಂಬುದನ್ನು ಒಮ್ಮೆ ಪರೀಕ್ಷಿಸಿ ಹೊರಡಬೇಕು.